ಮಂಜರಾಬಾದಿನ ನಕ್ಷತ್ರ ಕೋಟೆ ಮತ್ತು ಸುಣ್ಣದ ಗಾರೆ

ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗವನ್ನು ನೀವು ಹತ್ತಿದ್ದರೆ ಒಂದು ಸಂಗತಿ ಗಮನಿಸಿರಬಹುದು. ಅಲ್ಲಿ ಕೋಟೆಗೋಡೆ ಬೆಟ್ಟದ ಏಣು ಹೋದತ್ತಲೇ ಸಾಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಕಾಫಿ ತೋಟಗಳನ್ನು ದಾಟಿ ಸಕಲೇಶಪುರಕ್ಕೆ ಬನ್ನಿ. ಊರಿನಿಂದ ಮಂಗಳೂರು ಹೆದ್ದಾರಿಯಲ್ಲಿ ಸುಮಾರು 6 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯಿದೆ. ಇದರ ಗೋಡೆ ಮಾತ್ರ ಎಂಟು ಮೂಲೆಗಳ ನಕ್ಷತ್ರದ ಆಕಾರದ್ದು. ಹೀಗೇಕೆ?

ಕಾರಣ ಫಿರಂಗಿ. ದುಂಡು ಅಥವಾ ಚೌಕದ ಕೊತ್ತಲದ ಬುಡದಲ್ಲಿ ಕಾವಲುಗಾರರ ಕಣ್ಣಿಗೆ ಬೀಳದ ಜಾಗ ಉಳಿಯುತ್ತದೆ. ಶತ್ರು ಅಲ್ಲಿ ಅಡಗಿ ಗೋಡೆಗೆ ಮದ್ದು ಹುದುಗಿಸಬಹುದು. ನಕ್ಷತ್ರದಲ್ಲಾದರೋ ಒಂದು ಚಾಚಿನ ಗೋಡೆಯನ್ನು ಪಕ್ಕದ ಚಾಚಿನಿಂದ ಕಾಯಬಹುದು. ಯೂರೋಪಿನಲ್ಲಿ ಬೆಳೆದ ಈ ವಿನ್ಯಾಸವನ್ನು ಫ್ರಾನ್ಸಿನ ವೊಬಾನ್ (1633-1707) ಪರಿಷ್ಕರಿಸಿದ. ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿ ಕಾಯಲು ಟಿಪ್ಪು ಸುಲ್ತಾನ್ ಅದನ್ನೇ ಇಲ್ಲಿ ಬಳಸಿದ. ಕೋಟೆ ಪೂರ್ಣಗೊಂಡದ್ದು 1792ರಲ್ಲಿ. ಮೂರನೆಯ ಮೈಸೂರು ಯುದ್ಧದಲ್ಲಿ ಸೋತು ಅವನು ಅರ್ಧ ರಾಜ್ಯ ಬಿಟ್ಟುಕೊಟ್ಟದ್ದೂ ಅದೇ ವರ್ಷ.

ಒಳಗೆ ಹೋದರೆ ನಡುವೆ ಶಿಲುಬೆಯಾಕಾರದ ಕೊಳ, ಅದರ ಬಳಿ ಮದ್ದಿನ ನೆಲಮಾಳಿಗೆಗಳು ಕಾಣುತ್ತವೆ. ಈಗ ಗೋಡೆಯ ಕಲ್ಲುಗಳ ನಡುವಿನ ಸಂದು ನೋಡಿ. ಅಲ್ಲಿರುವುದು ಸುಣ್ಣದ ಗಾರೆ. ಸುಣ್ಣದಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಬೆರೆಸಿದರೆ ಗಾರೆ ಸಿದ್ಧ. ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಎಂದರೆ ಪುನಃ ಕಲ್ಲಾಗುತ್ತದೆ. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಬೇಸಿಗೆಯಲ್ಲಿ ಆವಿಯಾಗಿ ಹೊರಹೋಗುತ್ತದೆ.

ಮಲೆನಾಡಿನಂತಹ ಮಳೆಯ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಹಳೆಯ ಗೋಡೆಯ ಸಂದಿಗೆ ಸಿಮೆಂಟ್ ತುಂಬಿದರೆ ದುರಸ್ತಿ ಬೇಗ ಮುಗಿಯುತ್ತದೆ, ನೋಡಲೂ ಗಟ್ಟಿಯಾಗಿರುತ್ತದೆ. ಆದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಪಕ್ಕದ ಮೆದು ಗಾರೆ, ಇಟ್ಟಿಗೆಗಳು ಪುಡಿಯಾಗತೊಡಗುತ್ತವೆ. ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಮಳೆ ನಿಂತ ಮೇಲೆ ಆರಂಭಿಸಿ, ಬಿಸಿಲಿಗೆ ಬೇಗನೆ ಒಣಗದಂತೆ ತೇವ ಕಾಯಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರ ಕೈಪಿಡಿಯಲ್ಲೇ, ಹಳೆಯದನ್ನು ಹೊಸದಾಗಿಸುವುದಕ್ಕಿಂತ ಇದ್ದುದನ್ನು ಉಳಿಸುವುದು ಮೇಲೆಂದು ಸೂಚಿಸಿದ್ದರು.

ಮುಂದಿನ ಬಾರಿ ಯಾವುದೇ ಕೋಟೆಗೆ ಹೋದಾಗ ದುರಸ್ತಿಯಾದ ಭಾಗವನ್ನೂ ಹಳೆಯ ಭಾಗವನ್ನೂ ಹೋಲಿಸಿ ನೋಡಿ. ಸಂದುಗಳ ಬಣ್ಣ, ಬಿರುಕು, ಪಾಚಿ, ಬಿಳಿ ಲವಣದ ಕಲೆಗಳನ್ನು ಗುರುತು ಮಾಡಿಕೊಳ್ಳಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಬೇರು ಬಿಟ್ಟ ಗಿಡವನ್ನು ಎಳೆಯಲೂ ಬೇಡಿ, ಕಲ್ಲೂ ಜೊತೆಗೆ ಬಂದೀತು.