ಬಜಪೆಯ ರನ್‌ವೇ ಮತ್ತು ಮೊದಲೇ ಬಂದ ಮೊಕದ್ದಮೆ

ದುರಂತವೊಂದು ಸಂಭವಿಸಿದ ಮೇಲೆ ಸಂತ್ರಸ್ತರು ನ್ಯಾಯಾಲಯಕ್ಕೆ ಹೋಗುವುದು ಲೋಕರೂಢಿ. ಬಜಪೆಯ ಚರಿತ್ರೆ ಇದಕ್ಕೆ ವ್ಯತಿರಿಕ್ತ. ಅಲ್ಲಿ ಮೊಕದ್ದಮೆ ಮೊದಲು ಬಂತು, ದುರಂತ 13 ವರ್ಷಗಳ ಅನಂತರ ಬಂತು.

ಮಂಗಳೂರಿನ ವಿಮಾನ ನಿಲ್ದಾಣ ಆರಂಭವಾದದ್ದು 1951ರಲ್ಲಿ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ನಿಲ್ದಾಣವದು. ರನ್‌ವೇ ಮುಗಿದಲ್ಲಿ ಕಣಿವೆ ಆರಂಭ. 1981ರ ಆಗಸ್ಟಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ಒಂದು ಆವ್ರೋ ವಿಮಾನ ಹಳೆಯ ರನ್‌ವೇ ದಾಟಿ ಹೋಗಿ ಅಂಚಿನಲ್ಲಿ ನಿಂತಿತು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಯಾರೂ ಸಾಯದ ಅಪಘಾತಗಳನ್ನು ನಾವು ಬೇಗ ಮರೆಯುತ್ತೇವೆ.

ಎರಡನೆಯ, ಉದ್ದವಾದ ರನ್‌ವೇಯ ಯೋಜನೆ ಬಂದಾಗ ಸ್ಥಳೀಯ ವಿರೋಧ ಸಮಿತಿಯವರು ಪರಿಸರ ಸಂಘಟನೆಯೊಂದರ ಜೊತೆಗೂಡಿ 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿದರು. ಭೂಮಿ ಕಳೆದುಕೊಳ್ಳುವವರ ಅಳಲು ಅದರ ಹಿನ್ನೆಲೆಯಲ್ಲಿ ಇದ್ದಿರಬಹುದು, ಆದರೆ ವಾದದ ತಿರುಳು ಸುರಕ್ಷತೆಯದ್ದು: ವಿಮಾನ ರನ್‌ವೇ ಮೀರಿ ಹೋದರೆ ನಿಲ್ಲಲು ಜಾಗವೆಲ್ಲಿದೆ, ಕಣಿವೆಗೆ ಬಿದ್ದರೆ ರಕ್ಷಣಾ ವಾಹನ ಇಳಿಯುವ ದಾರಿ ಯಾವುದು? ಅರ್ಜಿ ವಜಾ ಆಯಿತು. ಮತ್ತೊಂದು ಅರ್ಜಿಗೂ ಅದೇ ಗತಿ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಆದರೆ ನಿರ್ಮಾಣ ಮಾಡುವಾಗ ಅನ್ವಯವಾಗುವ ಎಲ್ಲ ಕಾನೂನುಗಳನ್ನೂ ಪರಿಸರ ನಿಯಮಗಳನ್ನೂ ಪಾಲಿಸತಕ್ಕದ್ದು ಎಂದು ಸೇರಿಸಿತು. ಪಾಲನೆಯನ್ನು ಪರೀಕ್ಷಿಸುವವರು ಯಾರು? ಅದೇ ಸರ್ಕಾರದ ಇಲಾಖೆಗಳು. 2006ರಲ್ಲಿ 2450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂತು. ಅದರ ಕೊನೆಯ ಸುರಕ್ಷತಾ ಪ್ರದೇಶ 90 ಮೀಟರ್. ಅಂತರರಾಷ್ಟ್ರೀಯ ಸಂಸ್ಥೆಯು ಕನಿಷ್ಠವೆಂದದ್ದು ಅಷ್ಟೇ, ಶಿಫಾರಸು ಮಾಡುವುದು 240 ಮೀಟರ್.

2010ರ ಮೇ 22ರ ಬೆಳಗ್ಗೆ ದುಬೈನಿಂದ 166 ಜನರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕಾಸರಗೋಡಿನಿಂದ ಉಡುಪಿಯವರೆಗೆ, ಭಟ್ಕಳದವರೆಗೂ ಮನೆಮನೆಗಳಲ್ಲಿ ಸೂತಕ.

ಏರ್ ಮಾರ್ಷಲ್ ಗೋಖಲೆಯವರ ವಿಚಾರಣಾ ಸಮಿತಿಯ ವರದಿಯನ್ನು ನ್ಯಾಯವಾಗಿ ಓದಬೇಕು. ಅದು ಮುಖ್ಯ ಹೊಣೆಯನ್ನು ಕ್ಯಾಪ್ಟನ್ ಮೇಲೆ ಹೊರಿಸಿತು. ಆತ ಹಾರಾಟದ ಬಹುಭಾಗ ನಿದ್ರಿಸಿದ್ದ. ಸಹ ಪೈಲಟ್ ಮತ್ತೆ ಮತ್ತೆ ಮೇಲೇರೋಣವೆಂದರೂ ಕೇಳದೆ, ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ದಾಟಿದ ಮೇಲೆ ನೆಲ ಮುಟ್ಟಿಸಿದ. ಉದ್ದದ ಕೊರತೆಯೇ ಕಾರಣವೆಂದು ಹೇಳುವವರಿಗೆ ಈ ವರದಿ ಆಸರೆಯಾಗದು. ಆದರೆ ಅದೇ ವರದಿ ಇನ್ನೆರಡು ಸಂಗತಿಗಳನ್ನು ಪೂರಕ ಕಾರಣಗಳೆಂದು ದಾಖಲಿಸಿತು. ಮಂಗಳೂರಿನ ರೇಡಾರ್ ಆಗ ಕೆಟ್ಟಿದ್ದುದರಿಂದ ವಿಮಾನಕ್ಕೆ ಇಳಿಯಲು ಅನುಮತಿ ಎಂದಿಗಿಂತ ಹತ್ತಿರದಲ್ಲಿ ದೊರೆಯಿತು. ಸಹ ಪೈಲಟ್ ಯಾವಾಗ ಚಾಲನೆಯನ್ನು ತಾನೇ ವಹಿಸಿಕೊಳ್ಳಬಹುದು ಎಂಬ ಸೂಚನೆಗಳಲ್ಲಿ ಸಂದಿಗ್ಧತೆಯಿತ್ತು. ಸೂಚನೆಗಳನ್ನು ಸ್ಪಷ್ಟವಾಗಿ ಬರೆಯಬೇಕಾದದ್ದು ಸತ್ತವರ ಕೆಲಸವಲ್ಲವಷ್ಟೆ! ರೆಕ್ಕೆ ತಾಗಿದ್ದಾದರೂ ಯಾವುದಕ್ಕೆ? ರನ್‌ವೇಯಾಚೆ ಆಂಟೆನಾ ಹೊತ್ತು ನಿಂತಿದ್ದ ಕಾಂಕ್ರೀಟ್ ಕಟ್ಟಡಕ್ಕೆ.

ಹಾಗಾದರೆ ನಿಯಂತ್ರಕರನ್ನು ನ್ಯಾಯಾಲಯಕ್ಕೆ ಎಳೆಯಬಹುದಿತ್ತೆ? 1934ರ ವಿಮಾನ ಕಾಯಿದೆಯ 18ನೆಯ ಕಲಮನ್ನು ಓದಿದರೆ ಉತ್ತರ ಸಿಗುತ್ತದೆ. ಈ ಕಾಯಿದೆಯ ಅಡಿಯಲ್ಲಿ ಸದ್ಭಾವನೆಯಿಂದ ಮಾಡಿದ ಯಾವುದೇ ಕಾರ್ಯಕ್ಕಾಗಿ ಯಾರ ಮೇಲೂ ದಾವೆಯಾಗಲಿ ಕ್ರಿಮಿನಲ್ ಮೊಕದ್ದಮೆಯಾಗಲಿ ಸಲ್ಲದು ಎಂಬುದು, 2024ರ ಕೊನೆಯವರೆಗೆ ಜಾರಿಯಲ್ಲಿದ್ದ ಆ ಕಲಮಿನ ಸಾರವಾಗಿತ್ತು. ಬ್ರಿಟಿಷರು ತಮ್ಮ ಅಧಿಕಾರಿಗಳಿಗಾಗಿ ಹೊಲಿದ ಅಂಗಿ ನಮ್ಮವರಿಗೂ ಸರಿಹೊಂದಿತು. ಪೌರನೀತಿಯ ಪಾಠದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದನ್ನೊಂದು ತಡೆಯುತ್ತವೆಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆವು. ಈ ಕಲಮು ಪಠ್ಯದಲ್ಲಿರಲಿಲ್ಲ.

ಹೀಗಾಗಿ ಸಂತ್ರಸ್ತರ ಮುಂದೆ ತೆರೆದಿದ್ದ ಬಾಗಿಲು ಒಂದೇ, ವಿಮಾನ ಸಂಸ್ಥೆಯ ಪರಿಹಾರ. ಅದರಲ್ಲಿಯೂ ಏಳುಬೀಳು. ಮಾಂಟ್ರಿಯಲ್ ಒಪ್ಪಂದದಂತೆ ಪ್ರತಿಯೊಬ್ಬರಿಗೂ ಕನಿಷ್ಠ 75 ಲಕ್ಷ ಸಲ್ಲಬೇಕೆಂದು 2011ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ರದ್ದುಪಡಿಸಿತು. ಒಂದು ಕುಟುಂಬ ಮಾತ್ರ ಪಟ್ಟು ಬಿಡದೆ ಹೋರಾಡಿ, 2020ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಸುಮಾರು 7.64 ಕೋಟಿ ರೂಪಾಯಿಗಳ ಪರಿಹಾರದ ಆದೇಶ ಪಡೆಯಿತು. ಅಷ್ಟು ದೂರ ನಡೆಯುವ ಶಕ್ತಿ ಎಷ್ಟು ಮನೆಗಳಿಗಿದ್ದೀತು? ಗಲ್ಫಿಗೆ ದುಡಿಯಲು ಹೋದ ಮಗನ ಸಂಪಾದನೆಯನ್ನೇ ನಂಬಿದ್ದ ಮನೆಗಳು ಸಿಕ್ಕಷ್ಟಕ್ಕೆ ಸಹಿ ಹಾಕಿದರೆ ಅವರನ್ನು ದೂರುವಂತಿಲ್ಲ.

ಅಪಘಾತಗಳ ತನಿಖೆಗೆ ಪ್ರತ್ಯೇಕ ಮಂಡಳಿ 2012ರಲ್ಲಿ ಬಂತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಕಾಯಿದೆಯಲ್ಲಿಯೇ ಸ್ಥಾನ ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ಅದೇ 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ, ಇಂಥದೇ ಗುಡ್ಡದ ಮೇಲಿನ ರನ್‌ವೇಯಲ್ಲಿ, ದುಬೈನಿಂದಲೇ ಬಂದ ಅದೇ ಸಂಸ್ಥೆಯ ವಿಮಾನ ಅಂಚು ದಾಟಿ ಕೆಳಗುರುಳಿ 21 ಮಂದಿ ತೀರಿಕೊಂಡರು.