ಉತಾರ ಇಲ್ಲದವರ ಮುಳುಗಡೆ

ಆಲಮಟ್ಟಿಯ ಜಗಳವೆಂದರೆ ಪೇಪರಿನವರಿಗೆ ಎರಡೇ ಅಂಕಿ: 519.6 ಮೀಟರು, 524.256 ಮೀಟರು. ನಡುವಿನ ಐದು ಮೀಟರೂ ತುಂಬದ ಎತ್ತರಕ್ಕಾಗಿ ರಾಜ್ಯಗಳು ಕೋರ್ಟಿನ ಮೆಟ್ಟಿಲು ಸವೆಸಿವೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟಾಗ ಆಲಮಟ್ಟಿ ಬಸವನ ಬಾಗೇವಾಡಿ ತಾಲೂಕಿನ ಹಳ್ಳಿ. 1973ರಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರು ಹಂಚಿತು. 2000ದಲ್ಲಿ ಸುಪ್ರೀಂ ಕೋರ್ಟು ಎತ್ತರವನ್ನು 519.6ಕ್ಕೆ ನಿಲ್ಲಿಸಿತು. 2010ರಲ್ಲಿ ಬ್ರಿಜೇಶ್ ಕುಮಾರ್ ಮಂಡಳಿ 524.256 ಆಗಲಿ ಎಂದಿತು. ಆ ತೀರ್ಪು ಗೆಜೆಟ್ಟಿಗೇರದಂತೆ ಮರುವರ್ಷವೇ ಕೋರ್ಟಿನ ತಡೆ ಬಿತ್ತು. 2005, 2019ರಲ್ಲಿ ಸಾಂಗ್ಲಿ ಮುಳುಗಿದಾಗ ಮಹಾರಾಷ್ಟ್ರದ ಪುಢಾರಿಗಳು ಆಲಮಟ್ಟಿಯ ಹಿನ್ನೀರಿಗೆ ಬೆರಳು ಮಾಡಿದರು. ಹಿನ್ನೀರು ಕಾರಣವಲ್ಲವೆಂದು ಅವರದೇ ವಡ್ನೇರೆ ಸಮಿತಿ 2020ರಲ್ಲಿ ಹೇಳಿದರೂ ಕೂಗು ನಿಲ್ಲಲಿಲ್ಲ. ತಮಗೆ ಬೇಕಾದ್ದು ಹೇಳಿದರಷ್ಟೇ ವಿಜ್ಞಾನ!

ಇಷ್ಟೆಲ್ಲಾ ಲೆಕ್ಕದಾಗ ನಮ್ಮ ಕೇರಿ ಎಲ್ಲೈತಿ?

ಹಳೇ ಕೊಲ್ಹಾರ ನೀರಿಗೆ ಹೋಯಿತು. ಅಂದು ನಡೆದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ. ಅದು ಹೊಲಕ್ಕೆ ಬೆಲೆ ಕಟ್ಟಿತು, ನಿಂತ ಬೆಳೆಗೆ ಕಟ್ಟಿತು, ಬೇವಿನ ಗಿಡಕ್ಕೂ ಕಟ್ಟಿತು. ಆ ಹೊಲದಾಗ ತಲೆತಲಾಂತರ ಬೆನ್ನು ಬಗ್ಗಿಸಿದ ಹೊಲೆಯ ಮಾದಿಗರ ಕೂಲಿಗೆ ಅದರಲ್ಲಿ ಬೆಲೆಯೇ ಇರಲಿಲ್ಲ. ಉತಾರದಾಗ ಹೆಸರಿದ್ದವನಿಗೆ ರೊಕ್ಕ. ಹೆಸರಿಲ್ಲದವನ ಸುಗ್ಗಿ, ಆಯ, ಕಣದ ಕಾಳು ಸುಮ್ಮನೆ ಮುಳುಗಿದವು. ಗೌಡನ ದೌರ್ಜನ್ಯವೂ ಜೊತೆಗೇ ಮುಳುಗಿತಲ್ಲಾ ಎನ್ನುವವರಿದ್ದಾರೆ. ಅದು ಈಜು ಕಲಿತದ್ದು, ಹೊಸ ಊರಿಗೂ ಬಂತು.

ಇಂಥದ್ದು ದೂರದ ಅಮೆರಿಕದಲ್ಲೂ ಆಗಿದೆ. ನಾರ್ತ್ ಡಕೋಟಾದ ಗ್ಯಾರಿಸನ್ ಅಣೆಕಟ್ಟಿಗಾಗಿ ಅಲ್ಲಿನ ಮೂಲನಿವಾಸಿಗಳ ಒಂದೂವರೆ ಲಕ್ಷ ಎಕರೆಯನ್ನು ಸರಕಾರ ಕಿತ್ತುಕೊಂಡಿತು. 1948ರಲ್ಲಿ ಕಾಗದಕ್ಕೆ ಸಹಿ ಬೀಳುವಾಗ ಅವರ ಮುಖಂಡ ಜಾರ್ಜ್ ಜಿಲೆಟ್ ಕೈಯಲ್ಲಿ ಮುಖ ಮುಚ್ಚಿ ಅತ್ತ. ಆ ಫೋಟೋ ಇಂದಿಗೂ ಉಳಿದಿದೆ. ನಮ್ಮವರಿಗೆ ಅತ್ತು ಹಾಕಲಿಕ್ಕೆ ಒಂದು ಸಹಿಯೂ ಇರಲಿಲ್ಲ.

ನಾರಾಯಣಪುರದ ನೀರು ಇಂಡಿ ಶಾಖಾ ಕಾಲುವೆಯಲ್ಲಿ ಸಿಂದಗಿ, ಇಂಡಿಯ ಕಡೆ ಹರಿಯಿತು, ಸರಿ. ಅದೂ ಹೊಲ ಕೇಳಿಕೊಂಡೇ ಹರಿಯುವ ನೀರು. ಮುದ್ದೇಬಿಹಾಳದ ಹುಡುಗರು ಗೋವಾಕ್ಕೆ, ಪುಣೆಗೆ ಗುಳೆ ಹೋಗುವುದು ತಪ್ಪಿಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ನೀರಾವರಿ ಎಕರೆಗೆ 40 ಲಕ್ಷ, ಒಣ ಎಕರೆಗೆ 30 ಲಕ್ಷ ಎಂದಿತು. ಹೊಲದವರಿಗೆ ಸಿಗಲಿ, ನಮಗೇನು ಹೊಟ್ಟೆಕಿಚ್ಚಿಲ್ಲ. ಆದರೆ 2013ರ ಕಾಯ್ದೆ ಓದಿ ನೋಡಿರಿ: ಭೂಮಿ ಇಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲಿ ದುಡಿದು ಬದುಕಿದ ಕೂಲಿಕಾರನ ಕುಟುಂಬವೂ ‘ಬಾಧಿತ ಕುಟುಂಬ’ವೇ. ಮೇಷ್ಟ್ರೇ, ಸರ್ವೆಯವರು ಬರುವ ಮೊದಲು ಕೇರಿಗೆ ಹೋಗಿ. ಯಾರು ಯಾರ ಹೊಲದಾಗ ಎಷ್ಟು ವರ್ಷ ದುಡಿದರು, ಹೆಸರು ಹಿಡಿದು ಬರೆದಿಡಿ.