ನಡುಬೆಂಚಿನ ಮಕ್ಕಳು ಮತ್ತು ಅಮೆರಿಕದ ಕಾಲೇಜುಗಳು



ಅಮೆರಿಕದಲ್ಲಿ ನೆಲೆಸಿರುವ ನಿಮ್ಮಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ನನ್ನೊಡನೆ ಒಂದೇ ಚಿಂತೆಯನ್ನು ತೋಡಿಕೊಳ್ಳುತ್ತಿದ್ದೀರಿ. ಮಗನೋ ಮಗಳೋ ಹನ್ನೊಂದನೆಯ ತರಗತಿಗೆ, ಅಲ್ಲಿನವರು ‘ಜೂನಿಯರ್’ ಎನ್ನುವ ವರ್ಷಕ್ಕೆ, ಬಂದಿರುತ್ತಾರೆ. ಅಂಕಗಳು ಕೆಟ್ಟವೇನಲ್ಲ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥವೂ ಅಲ್ಲ. “ಮೇಷ್ಟ್ರೇ, ಇವನನ್ನು ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ?” ಎಂದು ನೀವು ಕೇಳುವಾಗ ಕಾಳಜಿಯ ಜೊತೆಗೆ ಒಂದಿಷ್ಟು ಸಂಕೋಚದ ದನಿಯೂ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿರುವ ಮಗುವಿಗೂ ಆ ದನಿ ಕೇಳಿಸುತ್ತದೆ ಎಂಬುದು ನನ್ನ ಚಿಂತೆ.

ಪಾಠ ಹೇಳಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಮೊದಲ ಬೆಂಚಿನವರ ಹೆಸರು ಅಂಕಗಳಿಂದ ನೆನಪಿರುತ್ತದೆ, ಕೊನೆಯ ಬೆಂಚಿನವರದು ತುಂಟತನದಿಂದ. ನಡುಬೆಂಚಿನವರ ಹೆಸರು ಮರೆತುಹೋಗುತ್ತದೆ; ಆದರೆ ತರಗತಿಯ ಬಹುಪಾಲು ಅವರೇ. ಅಮೆರಿಕದ ಉನ್ನತ ಶಿಕ್ಷಣದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದದ್ದು ಇಷ್ಟು: ಆ ದೇಶದ ಕಾಲೇಜುಗಳ ಬಹುದೊಡ್ಡ ಭಾಗವನ್ನು ಕಟ್ಟಿದ್ದೇ ನಡುಬೆಂಚಿನ ಮಕ್ಕಳಿಗಾಗಿ. ಆ ಚರಿತ್ರೆಯನ್ನು ತಿಳಿದ ತಂದೆತಾಯಿಗಳು ತಮ್ಮ ಮಗುವಿಗೆ ಹೆಚ್ಚು ನೆಮ್ಮದಿಯಿಂದ ನೆರವಾಗಬಲ್ಲರು ಎಂಬ ನಂಬಿಕೆಯಿಂದ ಈ ಲೇಖನ.

ಮೊದಲಿಗೆ ‘ಸಾಧಾರಣ’ ಎಂದರೇನು ಎಂದು ನೋಡೋಣ. ಅಲ್ಲಿನ ಪ್ರೌಢಶಾಲೆಗಳು 4ಕ್ಕೆ ಸರಾಸರಿ ಲೆಕ್ಕ ಹಾಕುತ್ತವೆ. ಸರ್ಕಾರದ ಅಧ್ಯಯನವೊಂದರ ಪ್ರಕಾರ 1990ರಲ್ಲಿ ಪ್ರೌಢಶಾಲೆ ಮುಗಿಸಿದವರ ಸರಾಸರಿ 2.68 ಇತ್ತು, 2019ರ ಹೊತ್ತಿಗೆ ಅದು 3.11ಕ್ಕೆ ಏರಿತ್ತು. ಎಂದರೆ, ‘ಬಿ’ ಶ್ರೇಣಿ ಪಡೆಯುವ ಮಗು ಆ ದೇಶದ ಸರಿಯಾದ ನಡುಮಧ್ಯದಲ್ಲಿದೆ. ಅದಕ್ಕೆ ಹಿಂದೆ ಬಿದ್ದವನೆಂಬ ಹಣೆಪಟ್ಟಿ ಅಂಟಿಸುವುದು ಲೆಕ್ಕದ ದೃಷ್ಟಿಯಿಂದಲೇ ತಪ್ಪು.

ಈಗ ಚರಿತ್ರೆಗೆ ಬರುತ್ತೇನೆ. 1636ರಲ್ಲಿ ಸ್ಥಾಪನೆಯಾದ ಹಾರ್ವರ್ಡ್ ಮೊದಲ್ಗೊಂಡು ಹಳೆಯ ಕಾಲೇಜುಗಳು ಲ್ಯಾಟಿನ್, ಗ್ರೀಕ್ ಬಲ್ಲ ಹುಡುಗರನ್ನು ತಾವೇ ಪರೀಕ್ಷಿಸಿ ಸೇರಿಸಿಕೊಳ್ಳುತ್ತಿದ್ದವು. ರೈತನ ಮಗನಿಗೂ ಕಮ್ಮಾರನ ಮಗನಿಗೂ ಆ ಬಾಗಿಲು ದೂರವೇ ಇತ್ತು. ಅದನ್ನು ಬದಲಿಸಿದವರಲ್ಲಿ ಮುಖ್ಯನಾದವನು ವರ್ಮಾಂಟಿನ ಜಸ್ಟಿನ್ ಮೊರಿಲ್. ಈತ ಕಮ್ಮಾರನ ಮಗ. ಹದಿನೈದನೆಯ ವಯಸ್ಸಿಗೇ ಶಾಲೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದವನು. ಮುಂದೆ ಸಂಸತ್ ಸದಸ್ಯನಾಗಿ ಅವನು ತಂದ ಮಸೂದೆಗೆ ಅಧ್ಯಕ್ಷ ಲಿಂಕನ್ 1862ರ ಜುಲೈ 2ರಂದು ಸಹಿ ಹಾಕಿದನು; ಆಗ ಅಂತರ್ಯುದ್ಧ ನಡೆಯುತ್ತಿತ್ತು. ಪ್ರತಿಯೊಂದು ರಾಜ್ಯಕ್ಕೂ ಸಂಸತ್ತಿನಲ್ಲಿರುವ ಅದರ ಸದಸ್ಯರ ಲೆಕ್ಕದಲ್ಲಿ ತಲಾ 30,000 ಎಕರೆ ಭೂಮಿ. ಅದನ್ನು ಮಾರಿ ಬಂದ ಹಣದಿಂದ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳು. ಆ ಭೂಮಿಯ ಬಹುಭಾಗ ಮೂಲನಿವಾಸಿಗಳಿಂದ ಕಸಿದುಕೊಂಡದ್ದು ಎಂಬ ಕಹಿ ಸತ್ಯವನ್ನೂ ಇಲ್ಲಿ ಹೇಳಲೇಬೇಕು. ಆದರೂ ದುಡಿಯುವ ಜನರ ಮಕ್ಕಳಿಗೆ ಉನ್ನತ ಶಿಕ್ಷಣ ಸಲ್ಲಬೇಕೆಂಬ ವಿಚಾರ ಆ ಕಾನೂನಿನಿಂದ ಬೇರೂರಿತು. ನಿಮ್ಮಲ್ಲಿ ಕೆಲವರು ಎಂ.ಎಸ್. ಮಾಡಿದ ಪರ್ಡ್ಯೂ, ಅಯೋವಾ ಸ್ಟೇಟ್, ಕಾನ್ಸಾಸ್ ಸ್ಟೇಟ್ ಮುಂತಾದವು ಈ ವಂಶದವೇ. ನಮ್ಮ ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವೂ ಇದೇ ಮಾದರಿಯನ್ನು ಅನುಸರಿಸಿತು.

1871ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯ ಇನ್ನೊಂದು ಹೆಜ್ಜೆ ಇಟ್ಟಿತು. ತಾನು ಪರಿಶೀಲಿಸಿ ಒಪ್ಪಿದ ಪ್ರೌಢಶಾಲೆಗಳಲ್ಲಿ ಓದು ಮುಗಿಸಿದವರನ್ನು ಬೇರೆ ಪ್ರವೇಶ ಪರೀಕ್ಷೆಯಿಲ್ಲದೆಯೇ ಸೇರಿಸಿಕೊಳ್ಳತೊಡಗಿತು. ಒಂದು ದಿನದ ಪರೀಕ್ಷೆಗಿಂತ ವರ್ಷಗಟ್ಟಲೆ ಕಲಿಸಿದ ಶಿಕ್ಷಕರ ಮಾತಿಗೆ ಹೆಚ್ಚು ಬೆಲೆ ಎಂಬ ಈ ನಂಬಿಕೆ ಇಂದಿಗೂ ಅಲ್ಲಿನ ಪ್ರವೇಶಪದ್ಧತಿಯ ಬೆನ್ನೆಲುಬು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಪ್ರೌಢಶಾಲೆಯ ಮುಖ್ಯಸ್ಥ ಸ್ಟ್ಯಾನ್ಲಿ ಬ್ರೌನ್, ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ಹಾರ್ಪರ್ ಇಬ್ಬರೂ ಸೇರಿ, ಊರು ಬಿಟ್ಟು ಹೋಗಲಾರದ ಮಕ್ಕಳಿಗಾಗಿ ಎರಡು ವರ್ಷಗಳ ಕಾಲೇಜು ತರಗತಿಗಳನ್ನು ಆರಂಭಿಸಿದರು. ಮೊದಲು ಸೇರಿದವರು ಆರೇ ಮಂದಿ. ಇಂದಿನ ಕಮ್ಯುನಿಟಿ ಕಾಲೇಜುಗಳಿಗೆಲ್ಲ ಆ ಆರು ಮಂದಿಯ ತರಗತಿಯೇ ಮೂಲ.

ಇದು ಬಾಗಿಲು ತೆರೆದವರ ಕಥೆ. ಇದರ ಪಕ್ಕದಲ್ಲೇ ಜರಡಿ ಹಿಡಿದವರ ಕಥೆಯೂ ಸಾಗಿತು. 1900ರಲ್ಲಿ ಕಾಲೇಜ್ ಬೋರ್ಡ್ ಹುಟ್ಟಿತು; ಮರುವರ್ಷ ಅದರ ಮೊದಲ ಪರೀಕ್ಷೆಗೆ ಕುಳಿತವರು 973 ಮಂದಿ. 1926ರ ಜೂನ್ 23ರಂದು ಸುಮಾರು ಎಂಟು ಸಾವಿರ ಮಕ್ಕಳು ಮೊದಲ ಎಸ್‌ಎಟಿ ಬರೆದರು. ಅದನ್ನು ರೂಪಿಸಿದ ಕಾರ್ಲ್ ಬ್ರಿಗಮ್, ಜನಾಂಗಗಳ ಬುದ್ಧಿಶಕ್ತಿಯಲ್ಲಿ ಮೇಲುಕೀಳುಗಳಿವೆ ಎಂದು 1923ರಲ್ಲಿ ಪುಸ್ತಕ ಬರೆದಿದ್ದವನು. 1930ರಲ್ಲಿ ತಾನೇ ಆ ವಾದವನ್ನು ಹಿಂತೆಗೆದುಕೊಂಡನು. ಅದೇ ಇಪ್ಪತ್ತರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಉದ್ದೇಶದಿಂದ ಶೀಲ, ವ್ಯಕ್ತಿತ್ವ, ಸಂದರ್ಶನ, ಭಾವಚಿತ್ರ ಇವುಗಳನ್ನೆಲ್ಲ ಪ್ರವೇಶದ ಅಳತೆಗೋಲಿಗೆ ಸೇರಿಸಿದವು. ಅರ್ಜಿಯ ಜೊತೆ ಕೇಳುವ ಪ್ರಬಂಧ, ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆಗಳ ಪಟ್ಟಿ ಇವನ್ನು ಕಂಡು ನೀವು ತಬ್ಬಿಬ್ಬಾಗುತ್ತೀರಲ್ಲವೇ? ಅವುಗಳಿಗೆ ಈ ಹಿನ್ನೆಲೆಯಿದೆ. ಇಂದು ಅವುಗಳ ಬಳಕೆ ಬೇರೆ ರೀತಿಯದು. ಆದರೆ ಅವು ಮಗುವಿನ ಯೋಗ್ಯತೆಯನ್ನು ತೂಗುವ ದೈವದತ್ತ ತಕ್ಕಡಿಯೇನಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಎರಡನೆಯ ಮಹಾಯುದ್ಧದ ಬಳಿಕ ಬಾಗಿಲು ತೆರೆಯುವವರ ಕೈ ಮೇಲಾಯಿತು. 1944ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ ‘ಜಿ.ಐ. ಬಿಲ್’ ಯುದ್ಧದಿಂದ ಮರಳಿದ ಯೋಧರ ಓದಿನ ವೆಚ್ಚವನ್ನು ಸರ್ಕಾರವೇ ಭರಿಸುವಂತೆ ಮಾಡಿತು. ಅಯೋಗ್ಯರು ನುಗ್ಗಿ ವಿದ್ಯಾಮಟ್ಟ ಕುಸಿದೀತೆಂದು ಹಾರ್ವರ್ಡಿನ ಅಧ್ಯಕ್ಷ ಜೇಮ್ಸ್ ಕೋನಂಟ್‌ನಂಥವರೇ ಆತಂಕಪಟ್ಟಿದ್ದರು. ಕಾಲೇಜಿಗೆ ಬಂದ ಯೋಧರು ಸುಮಾರು 22 ಲಕ್ಷ. 1947ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವರೇ. ಅವರು ಶ್ರದ್ಧೆಯಿಂದ ಓದಿ ಆ ಆತಂಕವನ್ನು ಸುಳ್ಳು ಮಾಡಿದರು. ಹದಿನೇಳರ ವಯಸ್ಸಿನಲ್ಲಿ ಕಾಲೇಜಿನ ಕನಸನ್ನೇ ಕಾಣದಿದ್ದ ಎಷ್ಟೋ ಮಂದಿ ಇಪ್ಪತ್ತೈದರಲ್ಲಿ ಒಳ್ಳೆಯ ವಿದ್ಯಾರ್ಥಿಗಳಾದರು. ಮಕ್ಕಳು ಬೇರೆ ಬೇರೆ ವಯಸ್ಸಿನಲ್ಲಿ ಅರಳುತ್ತಾರೆ ಎಂದು ನಾವು ಶಿಕ್ಷಕರು ಹೇಳುತ್ತಲೇ ಬಂದ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

1960ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ಅದರ ಮುಖ್ಯ ಶಿಲ್ಪಿ ಕ್ಲಾರ್ಕ್ ಕೆರ್. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಮೇಲಿನ ಮೂರನೆಯ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜುಗಳು. ಅದರ ಮುಖ್ಯ ಅಂಶವೆಂದರೆ, ಕೆಳಗಿನ ಮೆಟ್ಟಿಲಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೇಲಿನ ಮೆಟ್ಟಿಲಿನ ಮೂರನೆಯ ವರ್ಷಕ್ಕೆ ಸೇರಬಹುದು. ಈ ವರ್ಗಾವಣೆಯ ದಾರಿ ಇಂದಿಗೂ ಇದೆ. 2010ರ ಕಾನೂನಿನಂತೆ, ವರ್ಗಾವಣೆಗೆಂದೇ ರೂಪಿಸಿದ ಪದವಿಯನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಒಂದು ಸ್ಥಾನದ ಖಾತರಿಯೂ ಉಂಟು. ಕಮ್ಯುನಿಟಿ ಕಾಲೇಜು ಎಂದೊಡನೆ ಮುಖ ಸಿಂಡರಿಸುವ ನಮ್ಮವರು ಇದನ್ನು ನೆನಪಿಡಬೇಕು.

1965ಕ್ಕೆ ಬಂದಾಗ ಈ ಚರಿತ್ರೆ ನಿಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಆ ವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್, ಒಂದು ಕಾಲದಲ್ಲಿ ಟೆಕ್ಸಾಸಿನ ಬಡ ಮಕ್ಕಳಿಗೆ ಪಾಠ ಹೇಳಿದ್ದ ಮೇಷ್ಟ್ರು, ಎರಡು ಕಾನೂನುಗಳಿಗೆ ಸಹಿ ಹಾಕಿದನು. ಅಕ್ಟೋಬರಿನಲ್ಲಿ ವಲಸೆ ಕಾನೂನು. ನವೆಂಬರಿನಲ್ಲಿ, ತಾನು ಓದಿದ ಕಾಲೇಜಿನಲ್ಲೇ, ಉನ್ನತ ಶಿಕ್ಷಣ ಕಾನೂನು. ಮೊದಲನೆಯದು ಭಾರತದ ವೈದ್ಯರಿಗೂ ಎಂಜಿನಿಯರುಗಳಿಗೂ ಆ ದೇಶದ ಬಾಗಿಲು ತೆರೆಯಿತು. ಎರಡನೆಯದು ಸಾಮಾನ್ಯ ಕುಟುಂಬಗಳ ಮಕ್ಕಳಿಗೆ ಓದಲು ಸಾಲ, ಸಹಾಯಧನಗಳ ವ್ಯವಸ್ಥೆ ಮಾಡಿತು. 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾ ಬೆಂಗಳೂರಿನ ತಂತ್ರಜ್ಞರನ್ನು ಅಲ್ಲಿಗೆ ಕರೆದೊಯ್ದಿತು.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮಾತಿದೆ. ನೀವು ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ಎಂಬ ಜರಡಿಗಳಲ್ಲಿ ಉಳಿದು, ಬಳಿಕ ವೀಸಾ ಎಂಬ ಜರಡಿಯಲ್ಲೂ ಉಳಿದು ಅಲ್ಲಿಗೆ ಹೋದವರು. ನಿಮ್ಮ ಸ್ನೇಹಿತರೂ ಅಂಥವರೇ. ಆದ್ದರಿಂದ ಸುತ್ತ ಕಾಣುವವರೆಲ್ಲ ಮೊದಲ ಬೆಂಚಿನವರೇ ಆಗಿ, ಲೋಕವೇ ಹಾಗಿದೆ ಎಂದು ತೋರುತ್ತದೆ. ನಿಮ್ಮ ಮಗುವಾದರೋ ಯಾವ ಜರಡಿಯನ್ನೂ ದಾಟಿ ಬಂದದ್ದಲ್ಲ. ಸುಮ್ಮನೆ ನಿಮ್ಮ ಮನೆಯಲ್ಲಿ ಹುಟ್ಟಿದ್ದು. ಅದು ನಡುಬೆಂಚಿನಲ್ಲಿ ಕುಳಿತರೆ ಅದರಲ್ಲಿ ಸೋಲೂ ಇಲ್ಲ, ಅಪರಾಧವೂ ಇಲ್ಲ. ನಮ್ಮೂರಿನಲ್ಲಿ ಒಂದೆರಡು ಅಂಕಗಳಿಂದ ಸೀಟು ತಪ್ಪಿದ ನೆನಪನ್ನು, ಮೂರು ಮೂರೂವರೆ ವರ್ಷಗಳ ಓದನ್ನು ಒಟ್ಟಾಗಿ ನೋಡುವ ದೇಶದಲ್ಲಿ ಮಗುವಿನ ತಲೆಗೆ ಕಟ್ಟಬಾರದು.

ಹಾಗಾದರೆ ಈ ಭಯಕ್ಕೆ ಕಾರಣವೇನು? 1975ರಲ್ಲಿ 15 ಖಾಸಗಿ ಕಾಲೇಜುಗಳು ಸೇರಿ ಒಂದೇ ಅರ್ಜಿಯ ಪದ್ಧತಿ ತಂದವು. ಮುಂದೆ ಅದು ನೂರಾರು ಕಾಲೇಜುಗಳಿಗೆ ಹಬ್ಬಿ, ಒಬ್ಬೊಬ್ಬ ವಿದ್ಯಾರ್ಥಿಯೂ ಹತ್ತಾರು ಕಡೆ ಅರ್ಜಿ ಹಾಕುವುದು ಸುಲಭವಾಯಿತು. ಅರ್ಜಿಗಳು ಹೆಚ್ಚಿದಷ್ಟೂ ಪ್ರಸಿದ್ಧ ಕಾಲೇಜುಗಳ ಪ್ರವೇಶದ ಪ್ರಮಾಣ ಕುಗ್ಗಿತು. 1983ರಲ್ಲಿ ಯು.ಎಸ್. ನ್ಯೂಸ್ ಪತ್ರಿಕೆ ಕಾಲೇಜುಗಳ ಶ್ರೇಯಾಂಕ ಪಟ್ಟಿಯನ್ನು ಆರಂಭಿಸಿತು. ಎಲ್ಲರ ಕಣ್ಣೂ ಪಟ್ಟಿಯ ತುದಿಯಲ್ಲಿ ನೆಟ್ಟಿತು. ಆದರೆ ಪ್ಯೂ ಸಂಶೋಧನಾ ಸಂಸ್ಥೆ 2017ರ ಅಂಕಿಅಂಶಗಳನ್ನು ಪರಿಶೀಲಿಸಿದಾಗ, ನಾಲ್ಕು ವರ್ಷಗಳ 1,364 ಕಾಲೇಜುಗಳಲ್ಲಿ ಶೇಕಡಾ ಹತ್ತಕ್ಕಿಂತ ಕಡಿಮೆ ಜನರನ್ನು ಸೇರಿಸಿಕೊಂಡವು ಬರೀ 17. ಅರ್ಧಕ್ಕಿಂತ ಹೆಚ್ಚು ಕಾಲೇಜುಗಳು ಅರ್ಜಿ ಹಾಕಿದವರಲ್ಲಿ ಮೂರನೆಯ ಎರಡು ಭಾಗ ಅಥವಾ ಅದಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡಿದ್ದವು. ನಮ್ಮವರ ನಿದ್ದೆ ಕೆಡಿಸುವುದು ಆ ಹದಿನೇಳು!

ಇನ್ನು ತಂದೆತಾಯಿಗಳು ಮಾಡಬಹುದಾದ ಕೆಲಸ. ಹನ್ನೊಂದನೆಯ ತರಗತಿಯ ಅಂಕಗಳೇ ಕಾಲೇಜುಗಳು ನೋಡುವ ಕೊನೆಯ ಪೂರ್ಣ ವರ್ಷದ ಅಂಕಗಳು. ಒಂಬತ್ತರಲ್ಲಿ ಎಡವಿದ ಮಗು ಹನ್ನೊಂದರಲ್ಲಿ ಏರುಮುಖವಾದರೆ ಆ ಏರಿಕೆಗೆ ಬೆಲೆಯಿದೆ. ಆದ್ದರಿಂದ ಈ ವರ್ಷ ಹೊಸ ಹೊಸ ಚಟುವಟಿಕೆಗಳನ್ನು ಹೇರುವುದಕ್ಕಿಂತ, ತೊಡಕಾಗಿರುವ ಒಂದೆರಡು ವಿಷಯಗಳಿಗೆ ನೆರವು ಕೊಡಿಸುವುದು ಮೇಲು. ಶಾಲೆಯ ಕೌನ್ಸೆಲರರನ್ನು ನೀವೇ ಹೋಗಿ ಕಾಣಿರಿ. ಒಬ್ಬ ಕೌನ್ಸೆಲರರಿಗೆ 250 ಮಕ್ಕಳು ಇರಬೇಕೆಂಬುದು ಅವರ ಸಂಘದ ಶಿಫಾರಸು. ಬಹುಪಾಲು ರಾಜ್ಯಗಳಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಸದ್ದಿಲ್ಲದ ನಡುಬೆಂಚಿನ ಮಗು ಅವರ ಕಣ್ಣಿಗೆ ಬೀಳುವುದು ಅಪರೂಪ. ಶಿಫಾರಸು ಪತ್ರಕ್ಕೆ ಅತಿ ಹೆಚ್ಚು ಅಂಕ ಕೊಟ್ಟ ಶಿಕ್ಷಕರಿಗಿಂತ ಮಗುವಿನ ಶ್ರಮವನ್ನು ಕಂಡ ಶಿಕ್ಷಕರೇ ಉತ್ತಮ.

ಎಸ್‌ಎಟಿ, ಎಸಿಟಿಗಳ ವಿಷಯದಲ್ಲಿ ಪ್ರತಿಯೊಂದು ಕಾಲೇಜಿನ ನಿಯಮವನ್ನೂ ಬೇರೆಯಾಗಿಯೇ ನೋಡಬೇಕು. ಬೋಡನ್ ಕಾಲೇಜು 1969ರಲ್ಲೇ ಇವನ್ನು ಐಚ್ಛಿಕವಾಗಿಸಿತ್ತು. 2020ರ ಕೊರೋನಾ ಕಾಲದಲ್ಲಿ ಬಹುತೇಕ ಕಾಲೇಜುಗಳು ಆ ದಾರಿ ಹಿಡಿದವು. 2022ರಲ್ಲಿ ಎಂಐಟಿ, 2024ರಲ್ಲಿ ಡಾರ್ಟ್‌ಮೌತ್, ಹಾರ್ವರ್ಡ್ ಮೊದಲಾದವು ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡುವ ನಿರ್ಧಾರ ತೆಗೆದುಕೊಂಡವು. ಹಣದ ವಿಷಯವನ್ನು ಈ ವರ್ಷವೇ ಮಗುವಿನೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ. ತನ್ನಲ್ಲಿ ಓದಲು ಒಂದು ಕುಟುಂಬಕ್ಕೆ ನಿಜವಾಗಿ ತಗಲುವ ವೆಚ್ಚವನ್ನು ಅಂದಾಜಿಸುವ ಸಾಧನವನ್ನು ಪ್ರತಿಯೊಂದು ಕಾಲೇಜೂ ತನ್ನ ಜಾಲತಾಣದಲ್ಲಿ ಇಡಬೇಕೆಂಬ ನಿಯಮ 2011ರಿಂದ ಇದೆ. ಅದನ್ನು ನೋಡದೆ ಕಾಲೇಜುಗಳ ಪಟ್ಟಿ ಮಾಡಬೇಡಿ.

ಪ್ರಬಂಧವನ್ನು ಮಾತ್ರ ಮಗುವೇ ಬರೆಯಲಿ. 2019ರಲ್ಲಿ ಬಯಲಿಗೆ ಬಂದ ಪ್ರವೇಶ ಹಗರಣದಲ್ಲಿ ಹಣ ಕೊಟ್ಟು ಮಕ್ಕಳಿಗೆ ಸೀಟು ಕೊಡಿಸಲು ಹೋದ ಸಿರಿವಂತ ತಂದೆತಾಯಿಗಳು ಜೈಲು ಸೇರಿದರು. ಪ್ರಬಂಧ ತಿದ್ದುವುದು ಅಷ್ಟು ದೊಡ್ಡ ಅಪರಾಧವೇನಲ್ಲ; ಆದರೆ ತಂದೆಯೇ ಬರೆದುಕೊಟ್ಟ ಪ್ರಬಂಧ ಮಗುವಿಗೆ ಹೇಳುವ ಮಾತು ಒಂದೇ: ನೀನು ಇರುವ ಹಾಗೆ ಸಾಲದು. ಹೇಗೂ 1974ರ ಕಾನೂನಿನಂತೆ, ಕಾಲೇಜು ಸೇರಿದ ಮೇಲೆ ಅಂಕಪಟ್ಟಿಯ ಹಕ್ಕು ಮಗುವಿನದೇ. ಸಾಮಾನ್ಯವಾಗಿ ಅದರ ಒಪ್ಪಿಗೆಯಿಲ್ಲದೆ ನಿಮಗೆ ತೋರಿಸುವುದಿಲ್ಲ. ಕೈ ಬಿಡುವ ಅಭ್ಯಾಸವನ್ನು ಈಗಲೇ ಆರಂಭಿಸುವುದು ಒಳ್ಳೆಯದು.

ಕೊನೆಗೆ ಒಂದು ಅಧ್ಯಯನದ ಮಾತು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಗಳಿಕೆಯನ್ನು ಪರಿಶೀಲಿಸಿದರು. ಒಂದೇ ಬಗೆಯ ಸಾಮರ್ಥ್ಯವಿದ್ದು ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿದವರಲ್ಲಿ, ಹೆಚ್ಚು ಕಠಿಣ ಪ್ರವೇಶದ ಕಾಲೇಜಿನಲ್ಲಿ ಓದಿದವರಿಗೂ ಅಷ್ಟು ಹೆಸರಿಲ್ಲದ ಕಾಲೇಜಿನಲ್ಲಿ ಓದಿದವರಿಗೂ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಕಾಲೇಜಿನ ಹೆಸರು ನೆರವಾಗಿತ್ತು. ಓದಿದ, ಅನುಕೂಲಸ್ಥರಾದ ನಿಮ್ಮ ಮನೆಗಳ ಮಕ್ಕಳಿಗೆ ಕಾಲೇಜಿನ ಹೆಸರಿಗಿಂತ ಅವರ ಸ್ವಂತ ಗುಣವೂ ಉತ್ಸಾಹವೂ ಹೆಚ್ಚು ಆಸರೆ. ಆ ಉತ್ಸಾಹ ಈ ಒಂದು ವರ್ಷದ ಗಾಬರಿಯಲ್ಲಿ ಬತ್ತಿಹೋಗದಂತೆ ನೋಡಿಕೊಳ್ಳಿ.

ಅರ್ಜಿಗಳ ವಿಷಯವನ್ನು ವಾರಕ್ಕೊಂದು ದಿನ, ಒಂದು ಗಂಟೆ ಮಾತ್ರ ಮಾತನಾಡುವುದೆಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ಉಳಿದ ದಿನಗಳಲ್ಲಿ ಊಟದ ಹೊತ್ತಿಗೆ ಬೇರೆ ಮಾತುಗಳಿರಲಿ. ಈ ವರ್ಷ ಹನ್ನೊಂದರಲ್ಲಿ ಓದುತ್ತಿರುವ ಮೊಮ್ಮಕ್ಕಳಂಥ ಎಲ್ಲ ಮಕ್ಕಳಿಗೂ ನನ್ನ ಆಶೀರ್ವಾದಗಳು.